ನಾಲಿಗೆ ತಿದ್ದುವ ಕೆಲಸ ನಮ್ಮದಲ್ಲ

ಮಕ್ಕಳ ಮಾತಿನ ವಿಷಯದಲ್ಲಿ ನಮ್ಮ ಶಾಲೆಗಳು ಎರಡು ತಪ್ಪುಗಳನ್ನು ಜೊತೆಜೊತೆಯಾಗಿಯೇ ಮಾಡುತ್ತಿವೆ. ಯಾವ ಕೇಡೂ ಇಲ್ಲದ ನಾಲಿಗೆಗೆ ಔಷಧಿ ಅರೆಯುತ್ತಿವೆ. ನಿಜವಾಗಿ ಕೇಡಿರುವ ಕಡೆ ‘ದಡ್ಡ’ ಎಂಬ ಚೀಟಿ ಅಂಟಿಸಿ ಮಗುವನ್ನು ಹಿಂದಿನ ಬೆಂಚಿಗೆ ಕಳಿಸುತ್ತಿವೆ. ದೂರದಲ್ಲಿ ಕುಳಿತು ಹೇಳುವ ಮಾತಲ್ಲ ಇದು. ಮೈಸೂರಿನಲ್ಲಿ ಕಲಿತು, ಕೆಲವು ವರ್ಷ ಆಸ್ಪತ್ರೆಯಲ್ಲಿದ್ದು, ಆಮೇಲೆ ಶಾಲೆಯಿಂದ ಶಾಲೆಗೆ ತಿರುಗುವ ಕೆಲಸ ಹಿಡಿದವರಲ್ಲಿ ನಾನೂ ಒಬ್ಬಳು. ಈ ಕಸುಬಿಗೆ ಕನ್ನಡದಲ್ಲಿ ಇನ್ನೂ ಒಂದು ನೆಟ್ಟಗಿನ ಹೆಸರಿಲ್ಲ. ಕಾಗದದ ಮೇಲೆ ‘ವಾಕ್ ಮತ್ತು ಶ್ರವಣ ತಜ್ಞರು’. ಊರವರ ಬಾಯಲ್ಲಿ ‘ಮಾತು ಕಲಿಸೋ ಮೇಡಂ’. ಅರ್ಧ ಸತ್ಯವೇ ಆದರೂ ಎರಡನೆಯದೇ ನನಗೆ ಇಷ್ಟ.

ಮೊದಲ ತಪ್ಪನ್ನು ಮೊದಲು ನೋಡೋಣ. ಯಾವುದಾದರೂ ಶಾಲೆಗೆ ಹೋದೆನೆಂದರೆ ಮುಖ್ಯೋಪಾಧ್ಯಾಯರು ‘ಉಚ್ಚಾರ ಸರಿಯಿಲ್ಲದ’ ಮಕ್ಕಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಇಟ್ಟಿರುತ್ತಾರೆ. ಹತ್ತು ಹೆಸರಿದ್ದರೆ ಅದರಲ್ಲಿ ಏಳೆಂಟು, ‘ಹಾಲು’ ಎನ್ನದೆ ‘ಆಲು’ ಎನ್ನುವ, ‘ಶಾಲೆ’ಯನ್ನು ‘ಸಾಲೆ’ ಮಾಡುವ ಮಕ್ಕಳವು. “ಮೇಡಂ, ಬರೋ ತಿಂಗಳು ಪ್ರತಿಭಾ ಕಾರಂಜಿ. ಭಾಷಣಕ್ಕೆ ಇವನೇ ಆಗಬೇಕು, ನೆನಪಿನ ಶಕ್ತಿಯಲ್ಲಿ ಹುಲಿ. ಆದರೆ ಹುಲಿಯನ್ನೇ ಉಲಿ ಅಂತಾನೆ. ಅದೊಂದು ಸರಿ ಮಾಡಿಕೊಟ್ಟುಬಿಡಿ” ಎಂದು ಒಬ್ಬ ಮಹನೀಯರು ನನ್ನನ್ನು ಕೇಳಿಕೊಂಡದ್ದುಂಟು. ಹುಡುಗನನ್ನು ಕೂರಿಸಿಕೊಂಡು ಮಾತಾಡಿಸಿದೆ. ಕಿವಿ ಚೆನ್ನಾಗಿದೆ. ಹೇಳುವ ಕಥೆಗೆ ತಲೆಯಿದೆ, ಬಾಲವಿದೆ, ನಡುವೆ ಹಾಸ್ಯವೂ ಇದೆ. ಅವನ ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಹೊರಗೆ ಇಡೀ ಬೀದಿ ‘ಆಲು’ ಎನ್ನುತ್ತದೆ. ಕೇಳಿದ್ದನ್ನು ಕೇಳಿದ ಹಾಗೆಯೇ ಹಿಡಿದು ಆಡುತ್ತಿದ್ದಾನೆ. ಕಿವಿ, ನಾಲಿಗೆ, ಮಿದುಳು ಮೂರೂ ನೆಟ್ಟಗಿವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಳಗನ್ನಡದವನು ‘ಪಾಲ್’ ಎಂದ. ಅವನ ಮರಿಮಕ್ಕಳು ‘ಹಾಲು’ ಎಂದರು. ‘ಪುಲಿ’ ‘ಹುಲಿ’ಯಾಯಿತು, ‘ಪಳ್ಳಿ’ ‘ಹಳ್ಳಿ’ಯಾಯಿತು. ಪಕಾರ ಸವೆದು ಹಕಾರವಾದ ಆ ಕಾಲದಲ್ಲಿ ಎಷ್ಟು ಮಂದಿ ಗುರುಗಳು ಎಷ್ಟು ಹುಡುಗರ ಕಿವಿ ಹಿಂಡಿದರೋ ಯಾರಿಗೆ ಗೊತ್ತು? ಇಂದು ‘ಆಲು’ ಎನ್ನುವ ಹುಡುಗ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿದ್ದಾನೆ, ಅಷ್ಟೆ. ಮಹಾಪ್ರಾಣದ ಕಥೆಯೂ ಇಂಥದೇ. ಕನ್ನಡದ ಬರವಣಿಗೆಗೆ ಮಹಾಪ್ರಾಣಾಕ್ಷರಗಳ ಅಗತ್ಯವೇ ಇಲ್ಲವೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದಾಗ ಎಷ್ಟೊಂದು ಮಂದಿ ಹುಬ್ಬು ಗಂಟಿಕ್ಕಿದರು! ಅವರ ವಾದವನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ಮನೆಮಾತಿನಲ್ಲಿ ಮಹಾಪ್ರಾಣವನ್ನು ಆಡದಿರುವ ಕನ್ನಡಿಗರೇ ಹೆಚ್ಚು. ನಾಡಿನ ಹೆಚ್ಚು ಜನರಿಗಿರುವುದನ್ನು ರೋಗವೆನ್ನುವ ವೈದ್ಯಶಾಸ್ತ್ರ ಯಾವುದು?

ಹಕಾರ ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಬರೆಯುವ ಕನ್ನಡವನ್ನು ಶಾಲೆ ಕೊಡಲೇಬೇಕು. ಅದಿಲ್ಲದೆ ಹುಡುಗನಿಗೆ ಮುಂದೆ ದಾರಿಯಿಲ್ಲ. ಆದರೆ ಅದು ಮೇಷ್ಟರ ಪಾಠ, ನನ್ನ ಚಿಕಿತ್ಸೆಯಲ್ಲ. ಮನೆಯ ಮಾತಿನ ಪಕ್ಕದಲ್ಲಿ ಇನ್ನೊಂದು ಮಾತನ್ನು ಇಡುವುದು ಬೇರೆ. ನಿನ್ನ ಅವ್ವನ ಮಾತಿಗೆ ಕಾಯಿಲೆಯೆಂದು ಹೆಸರಿಡುವುದು ಬೇರೆ. ಹೆದರಿಸಿ ತಿದ್ದಿದರೆ ಏನಾಗುತ್ತದೆಂದು ಎಲ್ಲರೂ ಬಲ್ಲರು. ವೇದಿಕೆ ಹತ್ತಿದ ಹುಡುಗ ಇಲ್ಲದ ಕಡೆಯೆಲ್ಲ ಹಕಾರ ಸೇರಿಸಿ ಅತಿಥಿಗಳಿಗೆ ‘ಹಾದರದ ಸ್ವಾಗತ’ ಕೋರುತ್ತಾನೆ. ಸಭೆ ಬಿದ್ದು ಬಿದ್ದು ನಗುತ್ತದೆ. ಆ ಹುಡುಗ ಮತ್ತೆ ವೇದಿಕೆ ಹತ್ತುವುದಿಲ್ಲ. ಯಾರ ಮನೆಯ ಉಚ್ಚಾರ ‘ಶುದ್ಧ’, ಯಾರ ಮನೆಯದು ‘ಅಶುದ್ಧ’ ಎಂಬ ಈ ವಿಂಗಡಣೆಯ ಬೇರು ಎಲ್ಲಿಗೆ ಹೋಗುತ್ತದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತಿಯನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಸಭ್ಯರು ಕೂಡ ಉಚ್ಚಾರವನ್ನು ಕೇಳಿ ತಿಳಿದುಕೊಂಡೆವೆಂದು ನಂಬುತ್ತಾರೆ.

ಈ ಗೊಂದಲ ನಮ್ಮದೊಂದೇ ಅಲ್ಲ. ಅಮೆರಿಕದ ಮಿಷಿಗನ್ ಪ್ರಾಂತದ ಆ್ಯನ್ ಆರ್ಬರ್ ಎಂಬ ಊರಿನಲ್ಲಿ ಬಡ ಕರಿಯ ಮಕ್ಕಳನ್ನು ಅವರ ಮನೆಯಾಡುವ ಇಂಗ್ಲಿಷಿನ ಕಾರಣಕ್ಕಾಗಿ ಮಂದಬುದ್ಧಿಯವರ, ಕಲಿಕೆಯ ತೊಂದರೆಯುಳ್ಳವರ ಸಾಲಿಗೆ ತಳ್ಳುತ್ತಿದ್ದಾರೆಂದು ತಾಯಂದಿರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪು ಕೊಟ್ಟರು: ಮಕ್ಕಳ ಮನೆಮಾತನ್ನು ಗಣನೆಗೆ ತೆಗೆದುಕೊಂಡು ಓದು ಕಲಿಸುವ ಹೊಣೆ ಶಾಲೆಯದು. ನಾಲ್ಕು ವರ್ಷಗಳ ಮೇಲೆ, 1983ರಲ್ಲಿ, ಅಲ್ಲಿನ ವಾಕ್ ಚಿಕಿತ್ಸಕರ ಸಂಘವೇ ಇಂಗ್ಲಿಷಿನ ಯಾವ ಒಳನುಡಿಯೂ ರೋಗವಲ್ಲವೆಂದು ಲಿಖಿತವಾಗಿ ಸಾರಿತು. ಕನ್ನಡದ ಒಳನುಡಿಗಳ ಬಗ್ಗೆ ಇಂಥ ಒಂದು ಸಾಲನ್ನು ನಮ್ಮ ಶಿಕ್ಷಣ ಇಲಾಖೆ ಸುತ್ತೋಲೆಯಾಗಿ ಹೊರಡಿಸಿದರೆ ಅದಕ್ಕೆ ಆಗುವ ಖರ್ಚು ಒಂದು ಹಾಳೆಯದು. ಕುಂದಾಪುರದ ಕನ್ನಡ, ಧಾರವಾಡದ ಕನ್ನಡ, ಕಲಬುರಗಿಯ ಕನ್ನಡ, ಚಾಮರಾಜನಗರದ ಕನ್ನಡ ಎಲ್ಲವೂ ನೆಮ್ಮದಿಯಾಗಿ ಉಸಿರಾಡುತ್ತವೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ಸೋಲಿಗ ನುಡಿ ಆಡಿ ಶಾಲೆಗೆ ಬಂದು ಮೊದಲ ವರ್ಷ ಬಾಯಿ ಬಿಡದ ಮಕ್ಕಳನ್ನು ಮೂಗರೆಂದು ಬರೆಯುವುದೂ ನಿಂತೀತು.

ಪಟ್ಟಣದ ಖಾಸಗಿ ಶಾಲೆಗಳ ಪಟ್ಟಿ ಇನ್ನೊಂದು ಬಗೆ. ಅಲ್ಲಿ ನಮ್ಮಂಥವರಿಗೆ ಕೋಣೆಯುಂಟು, ಫಲಕವುಂಟು, ಗಂಟೆಗಿಷ್ಟೆಂದು ದರವೂ ಉಂಟು. ಕೇಳುವುದು ಮಾತ್ರ ಇಂಗ್ಲಿಷಿನ ಉಚ್ಚಾರವನ್ನು. ಎರಡೂವರೆ ವರ್ಷದ ಮಗು ಇನ್ನೂ ಮಾತಾಡುತ್ತಿಲ್ಲವೆಂದು ಬಂದ ತಂದೆತಾಯಿಗಳಿಗೆ “ಮನೆಯಲ್ಲಿ ಕನ್ನಡ ಬಿಡಿ, ಬರೀ ಇಂಗ್ಲಿಷ್ ಆಡಿ, ಮಗುವಿಗೆ ಎರಡೆರಡು ಭಾಷೆ ಹೊರೆಯಾಗುತ್ತದೆ” ಎಂದು ಬುದ್ಧಿ ಹೇಳುವವರು ಶಾಲೆಯವರಷ್ಟೇ ಅಲ್ಲ. ಓದಿದ ವೈದ್ಯರೂ ಇದ್ದಾರೆ, ನಾಚಿಕೆಯ ಮಾತೆಂದರೆ ನಮ್ಮ ಕಸುಬಿನವರೂ ಇದ್ದಾರೆ. ಇದಕ್ಕೆ ಆಧಾರವಿಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಭಾಷೆಯ ತೊಂದರೆ ಹುಟ್ಟುವುದಿಲ್ಲ. ತೊಂದರೆಯಿರುವ ಮಗುವಿಗೆ ಅದು ಎರಡೂ ಭಾಷೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗಿರುವಾಗ ಆ ಸಲಹೆಯಿಂದ ಆಗುವುದೇನು? ಕನ್ನಡದಲ್ಲಿ ಮಗುವಿನೊಂದಿಗೆ ಗಂಟೆಗಟ್ಟಲೆ ಹರಟಬಲ್ಲ ತಾಯಿ ‘ಕಮ್’, ‘ಸಿಟ್’, ‘ಈಟ್’ ಎಂಬ ಮೂರು ಮಾತಿಗೆ ಇಳಿಯುತ್ತಾಳೆ. ಅಜ್ಜಿ ತೆಪ್ಪಗಾಗುತ್ತಾಳೆ. ಮಾತೇ ಬಾರದ ಮಗುವಿನ ಸುತ್ತ ಇದ್ದಬದ್ದ ಮಾತನ್ನೂ ಒಣಗಿಸಿ, ಮಗು ಯಾಕೆ ಮಾತಾಡುತ್ತಿಲ್ಲವೆಂದು ಮತ್ತೆ ನಮ್ಮಲ್ಲಿಗೆ ಬರುತ್ತಾರೆ.

ಇರಲಿ. ಇನ್ನು ಪಟ್ಟಿಯಲ್ಲಿ ಇಲ್ಲದ ಮಕ್ಕಳ ಕಡೆ ತಿರುಗೋಣ.

ಹಿಂದಿನ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಮೇಷ್ಟರು ಕರೆದರೆ ಎರಡನೆಯ ಸಲಕ್ಕೆ ತಿರುಗುವ ಹುಡುಗಿಯೊಬ್ಬಳು ಎಲ್ಲ ಶಾಲೆಗಳಲ್ಲೂ ಇರುತ್ತಾಳೆ. ‘ಗಮನವಿಲ್ಲ’ ಎಂದು ಅವಳ ಬಗ್ಗೆ ಬರೆದಿರುತ್ತದೆ. ಅವಳ ಕಿವಿ ಸೋರುತ್ತಿರುತ್ತದೆ. ನೆಗಡಿ ಗಂಟಲಿನಿಂದ ಕಿವಿಗೆ ಏರಿ, ತಮಟೆಯ ಹಿಂದೆ ನೀರು ತುಂಬಿ, ಕೀವಾಗಿ ಹೊರಬಂದು, ಮನೆಯವರು ಕಾಯಿಸಿದ ಎಣ್ಣೆ ಬಿಟ್ಟು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರೆಸಿ, ಮಳೆಗಾಲ ಬಂದಾಗ ಮತ್ತೆ ಅದೇ. ಹಾಗೆಂದು ಅವಳು ಪೂರ್ತಿ ಕಿವುಡಿಯಲ್ಲ. ಪಕ್ಕದಲ್ಲಿ ಕೂತು ಮಾತಾಡಿಸಿದರೆ ಕೇಳುತ್ತದೆ. ಹಂಚಿನ ಛಾವಣಿಯ ಮೇಲೆ ಮಳೆ, ಪಕ್ಕದ ಕೋಣೆಯಲ್ಲಿ ಮಗ್ಗಿ, ನಲವತ್ತು ಮಕ್ಕಳ ಗದ್ದಲ, ಇವುಗಳ ನಡುವೆ ಮೇಷ್ಟರ ಮಾತಿನಲ್ಲಿ ಅವಳಿಗೆ ಸಿಕ್ಕುವುದು ಸ್ವರಗಳು ಮಾತ್ರ. ಸಕಾರ, ತಕಾರ, ಪಕಾರದಂಥ ಮೆಲುದನಿಗಳು ದಾರಿಯಲ್ಲೇ ಉದುರುತ್ತವೆ. ಉಕ್ತಲೇಖನದಲ್ಲಿ ಅವಳು ಮಾಡಿದ ತಪ್ಪುಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಯಾವ ದನಿ ಅವಳಿಗೆ ಕೇಳುತ್ತಿಲ್ಲವೆಂದು ಯಂತ್ರವಿಲ್ಲದೆಯೇ ಬಹುಮಟ್ಟಿಗೆ ಊಹಿಸಬಹುದು. ಆದರೆ ಆ ಪುಸ್ತಕವನ್ನು ಹಾಗೆ ನೋಡುವವರು ಶಾಲೆಯಲ್ಲಿ ಯಾರಿದ್ದಾರೆ?

ಉಗ್ಗುವ ಹುಡುಗನ ಪಾಡು ಬೇರೆ. ಎಳವೆಯಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳು ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ. ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಹೋಗಿ ಕೊನೆಗೆ ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ. ಅವರಲ್ಲಿ ಗಂಡುಮಕ್ಕಳೇ ಹೆಚ್ಚು. ಈ ಹುಡುಗನಿಗೆ ದಿನದ ಅತಿ ಕಷ್ಟದ ಗಳಿಗೆ ಗಣಿತವೂ ಅಲ್ಲ, ವಿಜ್ಞಾನವೂ ಅಲ್ಲ, ಬೆಳಗಿನ ಹಾಜರಿ. ತನ್ನ ಸರದಿ ಹತ್ತಿರ ಬಂದಂತೆ ಅವನ ಅಂಗೈ ಬೆವರುತ್ತದೆ. ‘ಪ್ರೆಸೆಂಟ್ ಸಾರ್’ ಎಂಬುದು ಪಕಾರದಿಂದ ಮೊದಲಾಗುವುದು ಅವನ ಪಾಲಿನ ದುರದೃಷ್ಟ. ಇಂಥ ಒಬ್ಬ ಹುಡುಗ ತಿಂಗಳುಗಟ್ಟಲೆ ಬೇಕೆಂದೇ ತಡವಾಗಿ ಬಂದು, ಹಾಜರಿ ಮುಗಿದ ಮೇಲೆ ಒಳಗೆ ಕಾಲಿಟ್ಟು, ತಡವಾದುದಕ್ಕೆ ದಿನವೂ ಹೊರಗೆ ನಿಲ್ಲುತ್ತಿದ್ದುದನ್ನು ಕಂಡಿದ್ದೇನೆ. ಶಿಕ್ಷೆಯನ್ನು ಅವನೇ ಆರಿಸಿಕೊಂಡಿದ್ದ. ಎರಡರಲ್ಲಿ ಅದು ಅಗ್ಗ. ಕೈಯೆತ್ತಿದರೆ ಸಾಕೆಂದು ಮೇಷ್ಟರು ಇಡೀ ತರಗತಿಗೆ ಹೇಳಿದ ದಿನದಿಂದ ಅವನು ಹೊತ್ತಿಗೆ ಸರಿಯಾಗಿ ಬರತೊಡಗಿದ. ಇದಕ್ಕೆ ನನ್ನ ಚಿಕಿತ್ಸೆ ಬೇಕಾಗಿರಲಿಲ್ಲ; ಹೀಗೂ ಆಗುತ್ತದೆಂದು ಮೇಷ್ಟರಿಗೆ ಹೇಳುವವರು ಬೇಕಾಗಿತ್ತು.

ಮಾತಿನ ತಪ್ಪನ್ನು ಎತ್ತಿ ಎತ್ತಿ ತೋರಿಸುವುದರಿಂದ ಏನಾಗುತ್ತದೆಂಬುದಕ್ಕೆ ನಮ್ಮ ಶಾಸ್ತ್ರದ ಚರಿತ್ರೆಯಲ್ಲೇ ಒಂದು ಕಪ್ಪು ಅಧ್ಯಾಯವಿದೆ. ತಾವೇ ಉಗ್ಗುತ್ತಿದ್ದ ವೆಂಡೆಲ್ ಜಾನ್ಸನ್ ಅಯೋವಾ ವಿಶ್ವವಿದ್ಯಾನಿಲಯದ ಹೆಸರಾಂತ ಪಂಡಿತರು. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಡೇವನ್‌ಪೋರ್ಟ್ ಊರಿನ ಅನಾಥಾಲಯದ 22 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಚೆನ್ನಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ, ನಿಮಗೆ ಉಗ್ಗು ಹತ್ತುತ್ತಿದೆ, ಸರಿಯಾಗಿ ಆಡಲಾಗದಿದ್ದರೆ ಬಾಯಿ ತೆರೆಯಬೇಡಿ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾದರೆಂದು ಖಚಿತವಾಗಲಿಲ್ಲ. ಆದರೆ ಮಾತಾಡಲು ಹೆದರುವವರಾದರು, ಮುದುಡಿಕೊಂಡರು. ವಿಶ್ವವಿದ್ಯಾನಿಲಯ ಕ್ಷಮೆ ಕೇಳಿದ್ದು 2001ರಲ್ಲಿ. ಅಯೋವಾದಲ್ಲಿ ಒಮ್ಮೆ ಪ್ರಯೋಗವೆಂದು ಮಾಡಿ ಅರವತ್ತು ವರ್ಷಗಳ ಮೇಲೆ ತಲೆತಗ್ಗಿಸಿದ ಕೆಲಸವನ್ನು ನಮ್ಮಲ್ಲಿ ಎಷ್ಟೋ ತರಗತಿಗಳಲ್ಲಿ ಶಿಸ್ತೆಂಬ ಹೆಸರಿನಲ್ಲಿ ದಿನವೂ ಮಾಡುತ್ತಾರೆ.

ಮೂರನೆಯದು ಯಾರ ಕಣ್ಣಿಗೂ ಬೀಳದ ತೊಂದರೆ. ಕಿವಿ ಕೇಳುತ್ತದೆ, ಬುದ್ಧಿಗೆ ಕೊರತೆಯಿಲ್ಲ, ನಾಲಿಗೆ ಸರಿಯಾಗಿ ಹೊರಳುತ್ತದೆ. ಆದರೂ ಭಾಷೆ ಮಾತ್ರ ಮಗುವಿನ ಕೈಗೆ ಸಿಕ್ಕುವುದಿಲ್ಲ. ಉದ್ದನೆಯ ವಾಕ್ಯ ಹೇಳಿದರೆ ಕೊನೆಯ ಎರಡು ಪದ ಮಾತ್ರ ಉಳಿಯುತ್ತದೆ. ‘ಏಕೆ’ ಎಂದು ಕೇಳಿದರೆ ‘ಎಲ್ಲಿ’ಗೆ ಉತ್ತರ ಬರುತ್ತದೆ. ಹೇಳಬೇಕಾದ್ದು ಮನಸ್ಸಿನಲ್ಲಿದ್ದರೂ ಪದ ಹೊರಡುವುದಿಲ್ಲ. ಹೊರನಾಡುಗಳಲ್ಲಿ ಎಚ್ಚರಿಕೆಯಿಂದ ಎಣಿಸಿ ನೋಡಿದಾಗ ನೂರಕ್ಕೆ ಸುಮಾರು ಏಳು ಮಕ್ಕಳಲ್ಲಿ ಇದು ಕಂಡುಬಂದಿದೆ. ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗ ‘ಪದಗಳಲ್ಲಿ ಕೊಟ್ಟ ಲೆಕ್ಕ’ ಬಂದೊಡನೆ ಮುಗ್ಗರಿಸಿದರೆ ಅವನು ಸೋಮಾರಿಯಾದನೆಂದು ನಾವು ತಿಳಿಯುತ್ತೇವೆ. ಲೆಕ್ಕ ಅದೇ, ಅದಕ್ಕೆ ಹೊದಿಸಿದ ಭಾಷೆ ಅವನನ್ನು ಕೆಡವಿತು.

ಸರ್ಕಾರದ ಎಣಿಕೆಯಲ್ಲಾದರೂ ಈ ಮಕ್ಕಳು ಇದ್ದಾರೆಯೆ? 2011ರ ಜನಗಣತಿ ಇಡೀ ದೇಶದಲ್ಲಿ ಮಾತಿನ ನ್ಯೂನತೆಯುಳ್ಳವರು ಸುಮಾರು 20 ಲಕ್ಷವೆಂದೂ, ಕಿವಿಯ ನ್ಯೂನತೆಯುಳ್ಳವರು ಸುಮಾರು 50 ಲಕ್ಷವೆಂದೂ ಹೇಳಿತು. ಉಗ್ಗಿದರೂ ಮಾತು ಅರ್ಥವಾಗುವಂತಿದ್ದರೆ ಅವರನ್ನು ಸೇರಿಸಬೇಡಿ ಎಂದು ಗಣತಿದಾರರಿಗೆ ಆದೇಶವಿತ್ತು. ಹಾಜರಿಗೆ ಹೆದರಿದ ನಮ್ಮ ಹುಡುಗ ಅಲ್ಲಿಗೆ ಹೊರಗಾದ. 2016ರ ವಿಕಲಾಂಗರ ಹಕ್ಕುಗಳ ಕಾಯಿದೆ ಅಂಗವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿ, ‘ಮಾತು ಮತ್ತು ಭಾಷೆಯ ವೈಕಲ್ಯ’ ಎಂಬ ಹೆಸರನ್ನೂ ಅದರಲ್ಲಿ ಸೇರಿಸಿದಾಗ ನಾವೆಲ್ಲ ಹಿಗ್ಗಿದೆವು. ವಿವರಣೆ ಓದಿದಾಗ ಹಿಗ್ಗು ಇಳಿಯಿತು. ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡವರು, ಇಂಥ ಕಾರಣಗಳಿಂದ ಶಾಶ್ವತ ನ್ಯೂನತೆಗೆ ಒಳಗಾದವರು ಎಂದಿದೆ ಅಲ್ಲಿ. ಅದು ದೊಡ್ಡವರ ಆಸ್ಪತ್ರೆಯ ಪಟ್ಟಿ, ಶಾಲೆಯ ಪಟ್ಟಿಯಲ್ಲ. ಆರು ವರ್ಷದ ಮಗುವಿನ ಭಾಷೆಯ ತೊಡಕು ಶಾಶ್ವತವೆಂದು ಯಾವ ವೈದ್ಯ ಬರೆದುಕೊಟ್ಟಾನು? ಶಾಶ್ವತವಾಗಬಾರದೆಂದು ತಾನೆ ನಾವು ದುಡಿಯುವುದು! ಗುಣವಾಗುವ ಸಂಭವವಿರುವ ಮಗುವಿಗೆ ಗುಣವಾಗುವ ಸಂಭವವಿದೆಯೆಂಬ ಕಾರಣಕ್ಕೇ ಸಹಾಯವಿಲ್ಲ ಎನ್ನುವ ಈ ತರ್ಕವನ್ನು ಮೆಚ್ಚಬೇಕು.

ಇಷ್ಟೆಲ್ಲ ನಡೆಯುತ್ತಿರುವುದು ಯಾವ ನಾಡಿನಲ್ಲಿ? 1965ರಲ್ಲಿ ಹುಟ್ಟಿ 1966ರಲ್ಲಿ ಈಗಿನ ಹೆಸರು ಪಡೆದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಈ ವಿದ್ಯೆಗೆ ಭಾರತದಲ್ಲಿ ಇದಕ್ಕಿಂತ ದೊಡ್ಡ ಮನೆಯಿಲ್ಲ. ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲೂ ಕಾಲೇಜುಗಳಿವೆ. ಕನ್ನಡ ಮಕ್ಕಳ ಉಚ್ಚಾರವನ್ನು ಕನ್ನಡದ ಪದಗಳಿಂದಲೇ ಪರೀಕ್ಷಿಸುವ ಸಾಧನಗಳು ದಶಕಗಳ ಹಿಂದೆಯೇ ಸಿದ್ಧವಾಗಿವೆ. ವಿದ್ಯೆಯಿದೆ, ವಿದ್ವಾಂಸರಿದ್ದಾರೆ, ವರ್ಷವರ್ಷವೂ ಪದವೀಧರರು ಹೊರಬೀಳುತ್ತಾರೆ. ಅವರು ಹೋಗುವುದೆಲ್ಲಿಗೆ? ಆಸ್ಪತ್ರೆಗಳಿಗೆ, ಶ್ರವಣಯಂತ್ರ ಮಾರುವ ಅಂಗಡಿಗಳಿಗೆ, ವಿದೇಶಗಳಿಗೆ. ನನ್ನ ಜೊತೆ ಓದಿದವರು ಅಮೆರಿಕದಲ್ಲಿದ್ದಾರೆ. ಆಸ್ಪತ್ರೆಯಲ್ಲಲ್ಲ, ಸರ್ಕಾರಿ ಶಾಲೆಗಳಲ್ಲಿ. ಅಲ್ಲಿ ಷಿಕಾಗೋ ನಗರದ ಶಾಲೆಗಳು ಮಾತಿನ ಶಿಕ್ಷಕರನ್ನು ನೇಮಿಸಿದ್ದು 1910ರಲ್ಲಿ. ಪ್ರತಿ ವಿಕಲಾಂಗ ಮಗುವಿಗೂ ಶಾಲೆಯೇ ಉಚಿತವಾಗಿ ತಕ್ಕ ಶಿಕ್ಷಣ ಕೊಡತಕ್ಕದ್ದೆಂಬ ಕಾಯಿದೆ 1975ರಲ್ಲಿ ಬಂತು. ಆ ದೇಶದ ವಾಕ್ ಚಿಕಿತ್ಸಕರಲ್ಲಿ ಸುಮಾರು ಅರ್ಧ ಮಂದಿಗೆ ಅನ್ನ ಹಾಕುವುದು ಶಾಲೆಯೇ. ಅಲ್ಲೇನೂ ಸ್ವರ್ಗವಿಲ್ಲ. ಒಬ್ಬೊಬ್ಬರ ತಲೆಯ ಮೇಲೆ ಐವತ್ತರ ಆಸುಪಾಸು ಮಕ್ಕಳು, ಮಗುವಿಗಿಂತ ತೂಕವಾದ ಕಾಗದಪತ್ರ, ಎಷ್ಟೋ ಕಡೆ ಪಾಠಕ್ಕೆ ಉಗ್ರಾಣದ ಮೂಲೆ. ಗೆಳತಿ ಕಾಗದದಲ್ಲಿ ಈ ಗೋಳನ್ನು ತೋಡಿಕೊಂಡಾಗ ನನಗೆ ನಗು ಬಂತು. ಉಗ್ರಾಣದ ವಿಷಯದಲ್ಲಿ ನಾವು ಸರಿಸಮ. ನನಗೂ ಒಂದು ಶಾಲೆಯಲ್ಲಿ ಚೆಂಡು, ಬಳೆ, ಹಾಸುಗಂಬಳಿಗಳ ನಡುವೆ ಜಾಗ ಕೊಟ್ಟಿದ್ದರು. ವ್ಯತ್ಯಾಸವೆಂದರೆ ಅವಳಿಗೆ ಅದು ಹುದ್ದೆ, ನನಗೆ ಅದು ದಾಕ್ಷಿಣ್ಯ.

ನಮ್ಮ ಸರ್ಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. ಹುಟ್ಟು ಕಿವುಡಿನ ಪುಟ್ಟ ಮಗುವಿಗೆ ಕಿವಿಯೊಳಗೆ ಯಂತ್ರ ಕೂರಿಸುವ ಶಸ್ತ್ರಚಿಕಿತ್ಸೆಗೆ ಕೇಂದ್ರದ ಯೋಜನೆಯಲ್ಲಿ ಲಕ್ಷಗಟ್ಟಲೆ ರೂಪಾಯಿ ಕೊಡುತ್ತಾರೆ. ಕೊಡಬೇಕಾದ್ದೇ. ಆದರೆ ಯಂತ್ರ ಕೂರಿಸಿದ ದಿನ ಮಗು ಕೇಳುವುದು ಸದ್ದನ್ನು, ಮಾತನ್ನಲ್ಲ. ಆ ಸದ್ದಿನಿಂದ ಮಾತನ್ನು ಬಿಡಿಸಿಕೊಳ್ಳಲು ವರ್ಷಗಟ್ಟಲೆ ಅಭ್ಯಾಸ ಬೇಕು. ಮಗು ಒಂದನೆಯ ತರಗತಿಗೆ ಸೇರುತ್ತದೆ. ಕಿವಿಯ ಹಿಂದಿನ ಪೆಟ್ಟಿಗೆಯಲ್ಲಿ ಬ್ಯಾಟರಿ ಮುಗಿದಿದೆಯೆ, ತಂತಿ ತುಂಡಾಗಿದೆಯೆ ಎಂದು ನೋಡಲು ಶಾಲೆಯಲ್ಲಿ ಒಬ್ಬರಿಗೂ ತಿಳಿಯದು. ತಂತಿ ತುಂಡಾದ ಯಂತ್ರವನ್ನು ಕಟ್ಟಿಕೊಂಡು ಎರಡು ತಿಂಗಳು ತರಗತಿಯಲ್ಲಿ ಕೂತಿದ್ದ ಮಗುವನ್ನು ನೋಡಿದ್ದೇನೆ. ಯಾರಿಗೂ ಗೊತ್ತಾಗಿರಲಿಲ್ಲ. ಮೊದಲೂ ಮಾತಾಡುತ್ತಿರಲಿಲ್ಲವಲ್ಲ!

ಹಾಗೆಯೇ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದರ ತಂಡ ವರ್ಷಕ್ಕೊಮ್ಮೆ ಶಾಲೆಗೂ ಎರಡು ಸಲ ಅಂಗನವಾಡಿಗೂ ಬಂದು ಮಕ್ಕಳನ್ನು ನೋಡಬೇಕು. ಕಿವಿಯ, ಭಾಷೆಯ ತೊಂದರೆ ಕಂಡವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಚೀಟಿ ಬರೆದುಕೊಡುತ್ತಾರೆ. ಚೀಟಿ ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಲು ತಾಯಿ ಒಂದು ದಿನದ ಕೂಲಿ ಬಿಡಬೇಕು. ಹೋದರೆ ಸರತಿಯ ಸಾಲು. ಇಪ್ಪತ್ತು ನಿಮಿಷ ಮಾತಾಡಿಸಿ, ವಾರಕ್ಕೆರಡು ಸಲ ಬನ್ನಿ ಎನ್ನುತ್ತಾರೆ. “ಅಕ್ಕಾ, ವಾರಕ್ಕೆ ಎರಡು ದಿನ ಕೂಲಿ ಬಿಟ್ರೆ ಇನ್ನೆರಡು ಮಕ್ಳು ಏನು ತಿನ್ನಬೇಕು?” ಎಂದು ಒಬ್ಬ ತಾಯಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಚೀಟಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ಸರ್ಕಾರದ ಲೆಕ್ಕದಲ್ಲಿ ಒಂದು ಮಗು ‘ಪತ್ತೆಯಾಗಿ ಕಳುಹಿಸಲ್ಪಟ್ಟಿದೆ’.

ಇಲ್ಲಿ ಆಕ್ಷೇಪಗಳು ಬರುತ್ತವೆ. ಆಸ್ಪತ್ರೆಯಲ್ಲಿ ಮಾಡುವ ಕೆಲಸಕ್ಕೆ ಶಾಲೆ ಏಕೆ ಎಂಬುದಕ್ಕೆ ಆ ತಾಯಿಯೇ ಉತ್ತರ ಹೇಳಿದ್ದಾಳೆ. ಮಗು ದಿನವೂ ಹೋಗುವ ಜಾಗ ಶಾಲೆಯೊಂದೇ. ಅದಕ್ಕಿಂತ ಮಿಗಿಲಾಗಿ, ಮಾತಿಗೆ ಎದುರು ಆಡುವವರು ಬೇಕು. ಆಸ್ಪತ್ರೆಯ ಕೋಣೆಯಲ್ಲಿ ಇರುವವಳು ನಾನೊಬ್ಬಳು, ಶಾಲೆಯ ಅಂಗಳದಲ್ಲಿ ಐವತ್ತು ಮಂದಿ. ‘ಕ’ ಬಾರದೆ ‘ತ’ ಎನ್ನುವ, ಕಾಗೆಯನ್ನು ‘ತಾದೆ’ ಮಾಡುವ ಮಗುವಿಗೆ ನಾನು ಕನ್ನಡಿ ಹಿಡಿದು ನಾಲಿಗೆಯ ಬುಡ ತೋರಿಸಬಲ್ಲೆ. ಆದರೆ ಅದು ಗಟ್ಟಿಯಾಗುವುದು ಆಟದಲ್ಲಿ. ‘ಕಟ್ಟು’ ಎಂದರೆ ದಾರ ಕಟ್ಟಬೇಕು, ‘ತಟ್ಟು’ ಎಂದರೆ ಬೆನ್ನು ತಟ್ಟಬೇಕು ಎಂಬ ಆಟದಲ್ಲಿ ಮಗು ‘ಕಟ್ಟು’ ಎನ್ನಲು ಹೋಗಿ ‘ತಟ್ಟು’ ಎಂದು ಬೆನ್ನಿಗೆ ಪೆಟ್ಟು ತಿಂದು ತಾನೇ ನಗುತ್ತದೆ. ಮೂರನೆಯ ದಿನ ಹಟದಿಂದ ‘ಕಟ್ಟು’ ಎನ್ನುತ್ತದೆ. ಬೆನ್ನು ತಟ್ಟಲು ಜೊತೆಗಾರರು ಬೇಡವೆ?

‘ಮೇಷ್ಟರುಗಳಿಗೇ ತರಬೇತಿ ಕೊಟ್ಟರಾಯಿತು’ ಎಂಬುದು ಎರಡನೆಯ ಆಕ್ಷೇಪ. ಕೊಡಿ, ಕೊಡಲೇಬೇಕು. ಆದರೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ, ಗಣತಿ ಇವೆಲ್ಲದರ ಮೇಲೆ ಇದನ್ನೂ ಹೇರಿದರೆ ಮೂರು ದಿನದ ತರಬೇತಿಯ ಪ್ರಮಾಣಪತ್ರವೊಂದು ಉಳಿದೀತು. ತಾಲ್ಲೂಕಿನ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಮಕ್ಕಳಿಗೆಂದು ಶಿಕ್ಷಕರು ಈಗಲೂ ಇದ್ದಾರೆ. ಕುರುಡು, ಕಿವುಡು, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ ಎಲ್ಲಕ್ಕೂ ಅವರೇ. ಹಾಸಿಗೆಯಲ್ಲಿರುವ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವವರೂ ಅವರೇ. ಅವರ ಶ್ರದ್ಧೆಗೆ ಕೈಮುಗಿಯುತ್ತೇನೆ. ಅವರ ತಲೆಯ ಮೇಲೆ ಇನ್ನೊಂದು ಮೂಟೆ ಇಡುವುದನ್ನು ಒಪ್ಪಲಾರೆ.

‘ದೊಡ್ಡವನಾದರೆ ಬರುತ್ತದೆ, ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎನ್ನುವವರೊಂದಿಗೆ ವಾದ ಕಷ್ಟ, ಏಕೆಂದರೆ ಕೆಲವು ಸಲ ಅವರ ಮಾತು ನಿಜವಾಗುತ್ತದೆ. ರಕಾರ ಎಲ್ಲ ಮಕ್ಕಳಿಗೂ ತಡವಾಗಿಯೇ ಬರುವುದು. ನಾಲ್ಕು ವರ್ಷದ ಮಗು ಮರವನ್ನು ‘ಮಲ’ ಎಂದರೆ ನಕ್ಕು ಸುಮ್ಮನಿರಬಹುದು. ಆದರೆ ಯಾವ ಮಗುವಿಗೆ ಕಾಯಬಹುದು, ಯಾವ ಮಗುವಿಗೆ ಕಾಯಬಾರದು ಎಂದು ಹೇಳುವುದೇ ನಮ್ಮ ವಿದ್ಯೆಯ ಅರ್ಧ ಭಾಗ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತ ಐದು ವರ್ಷ ಕಳೆದ ಮೇಲೆ ಮಗುವಿಗೆ ಕಿವಿಯೇ ಕೇಳುವುದಿಲ್ಲವೆಂದು ತಿಳಿದರೆ, ಕಳೆದುಹೋದ ಐದು ವರ್ಷಗಳನ್ನು ತಂದುಕೊಡುವ ಬೇರು ಯಾವ ಕಾಡಿನಲ್ಲೂ ಇಲ್ಲ.

ನಮ್ಮ ಕಸುಬಿನ ಕಡೆಯಿಂದಲೂ ಒಂದು ಮಾತು ಆಗಬೇಕು. ಎಲ್ಲ ಮಕ್ಕಳಿಂದಲೂ ಬಾಯಿಮಾತನ್ನೇ ಹೊರಡಿಸಬೇಕೆಂಬ ಹಟ ನಮ್ಮವರಲ್ಲಿದೆ. 1880ರಲ್ಲಿ ಮಿಲಾನ್ ನಗರದ ಸಮ್ಮೇಳನ ಕಿವುಡು ಮಕ್ಕಳ ಶಿಕ್ಷಣದಿಂದ ಕೈಸನ್ನೆಯನ್ನು ಹೊರಹಾಕಬೇಕೆಂದು ನಿರ್ಣಯಿಸಿತು; ಅದರ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ಕೈಯಿಂದ ಸೊಗಸಾಗಿ ಕಥೆ ಹೇಳಬಲ್ಲ ಹುಡುಗಿಯ ಕೈ ಹಿಡಿದು ಕೂರಿಸಿ ‘ಪಾ ಪಾ’ ಎನ್ನಿಸುವುದು ‘ಆಲು’ ಎನ್ನುವವನ ಕಿವಿ ಹಿಂಡುವುದಕ್ಕಿಂತ ಯಾವ ರೀತಿಯಲ್ಲೂ ಮೇಲಲ್ಲ. ಬಾಯಿಮಾತಿನ ಜೊತೆಗೆ ಸನ್ನೆಯೇ ಮೊದಲಾದ ಬೇರೆ ಸಾಧನಗಳಿಗೂ ಪ್ರೋತ್ಸಾಹ ಕೊಡಬೇಕೆಂದು 2016ರ ಕಾಯಿದೆಯೇ ಹೇಳುತ್ತದೆ. ಅದನ್ನು ಇಲಾಖೆಗೆ ಓದಿ ಹೇಳುವ ಮೊದಲು ನಮ್ಮವರು ಓದಿಕೊಂಡರೆ ಒಳ್ಳೆಯದು.

ಕೇಳುವುದು ಹೆಚ್ಚೇನಲ್ಲ. ಶಾಲೆಗೊಬ್ಬರನ್ನು ಕೊಡಿ ಎಂದರೆ ಕೇಳುವವರಿಗೂ ನಗು, ಹೇಳುವವರಿಗೂ ನಗು. ತಾಲ್ಲೂಕಿಗೆ ಇಬ್ಬರು, ಗುತ್ತಿಗೆಯವರಲ್ಲ, ಖಾಯಂ ಹುದ್ದೆಯವರು. ಒಂದು ಆಡಿಯೋಮೀಟರ್, ಅದನ್ನು ಹೊತ್ತು ಶಾಲೆಯಿಂದ ಶಾಲೆಗೆ ಹೋಗಲು ಒಂದು ವಾಹನ. ಒಂದನೆಯ ತರಗತಿಗೆ ಸೇರುವ ಪ್ರತಿ ಮಗುವಿನ ಕಿವಿಯ ಪರೀಕ್ಷೆ ಮೊದಲ ಮೂರು ತಿಂಗಳೊಳಗೆ ಮುಗಿಯಬೇಕು. ವಾರದಲ್ಲಿ ಗೊತ್ತಾದ ದಿನ ಗೊತ್ತಾದ ಶಾಲೆಯಲ್ಲಿ ಪಾಠ ನಡೆಯಬೇಕು. ಅಕ್ಕಪಕ್ಕದ ಊರಿನ ಮಕ್ಕಳೂ ನಡೆದು ಬರುವಂತಿರಬೇಕು. ಹುದ್ದೆಗೆ ಕನ್ನಡ ಬಲ್ಲವರನ್ನೇ ಆರಿಸಬೇಕು, ಆ ಸೀಮೆಯ ಕನ್ನಡವನ್ನು ಬಲ್ಲವರಾದರೆ ಇನ್ನೂ ಮೇಲು. ಹುದ್ದೆಯ ಹೆಸರನ್ನು ಇಲಾಖೆ ತನಗೆ ತೋಚಿದಂತೆ ಇಟ್ಟುಕೊಳ್ಳಲಿ. ‘ಉಚ್ಚಾರ ಶಿಕ್ಷಕರು’ ಎಂದು ಮಾತ್ರ ಇಡುವುದು ಬೇಡ. ಇಟ್ಟರೆ ಸೇರಿದ ಮಾರನೆಯ ದಿನವೇ ‘ಆಲು’ ಎನ್ನುವವರ ಪಟ್ಟಿ ಮೇಜಿನ ಮೇಲೆ ಬಂದಿರುತ್ತದೆ.